ಹುಬ್ಬಳ್ಳಿಯಿಂದ ಮೊದಲ ಟ್ರ್ಯಾಕ್ ಡೇಗೆ: ಸ್ವಂತ ಕಾರನ್ನು ಸಜ್ಜು ಮಾಡುವ ಕ್ರಮ

ಟ್ರ್ಯಾಕ್ ಡೇ ಅಂದರೆ ರೇಸ್ ಟ್ರ್ಯಾಕ್‌ನಲ್ಲಿ ನಮ್ಮದೇ ಕಾರನ್ನು, ಸೆಷನ್ ಅನ್ನುವ ಸರದಿಗಳಲ್ಲಿ, ಜೋರಾಗಿ ಓಡಿಸಲು ಬಿಡುವ ದಿನ. ಅಲ್ಲಿಗೆ ಹೋಗಿ ಬಂದ ನಮ್ಮ ಕಡೆಯವರನ್ನು ಮಾತಾಡಿಸಿದರೆ ಕಥೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹೊಸ ಎಕ್ಸಾಸ್ಟ್ ಹಾಕಿಸಿದ್ದರು. ಅಲಾಯ್ ಬದಲಿಸಿದ್ದರು. ಹೊರಡುವ ಹಿಂದಿನ ದಿನ ಸರ್ವಿಸ್ ಕೂಡ ಆಗಿತ್ತು. ಆದರೆ ಮೊದಲ ಸೆಷನ್ ಅರ್ಧ ಮುಗಿಯುವಷ್ಟರಲ್ಲಿ ಬ್ರೇಕ್ ಪೆಡಲ್ ಮೆತ್ತಗಾಯಿತು. ಉಳಿದ ದಿನವೆಲ್ಲ ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಬಾನೆಟ್ ಎತ್ತಿಕೊಂಡು ನಿಂತದ್ದೇ ಬಂತು.

ಇವರು ದುಡ್ಡು ಖರ್ಚು ಮಾಡಿರಲಿಲ್ಲ ಅಂತೇನಿಲ್ಲ. ಕೆಲಸಗಳನ್ನು ಹಿಂದುಮುಂದಾಗಿ ಮಾಡಿದ್ದರು, ಅಷ್ಟೇ. ಬ್ರೇಕ್ ಮೊದಲು, ಟೈರ್ ಆಮೇಲೆ, ಇಂಜಿನ್ ಅದರ ನಂತರ. ಪವರ್ ಹೆಚ್ಚಿಸುವ ಕೆಲಸ ಮೊದಲ ಸಲಕ್ಕೆ ಬೇಡವೇ ಬೇಡ.

ನಮಗೆ ಇನ್ನೊಂದು ಫಜೀತಿ ಇದೆ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಆಗಲಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಆಗಲಿ, ಹುಬ್ಬಳ್ಳಿಯಿಂದ ಬೆಂಗಳೂರು ಮೇಲೆ ಹೋದರೆ 700 ಕಿಲೋಮೀಟರ್‌ಗೂ ದೂರ. ಬೆಂಗಳೂರಿನವರಂತೆ ಟೋ ಮಾಡಿಸಿಕೊಂಡು ರಾತ್ರಿಯೊಳಗೆ ಮನೆ ಸೇರುವ ಮಾತಿಲ್ಲ. ಅದೇ ಕಾರು ಅಲ್ಲಿಗೆ ಹೋಗಬೇಕು, ಟ್ರ್ಯಾಕ್‌ನಲ್ಲಿ ಓಡಬೇಕು, ಮರಳಿ ನಮ್ಮನ್ನು ಮನೆಗೆ ತರಬೇಕು. ಈ ಕೆಳಗಿನ ಹಂತಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದೆ.

ಹಂತ 1: ಆರು ವಾರ ಮೊದಲು – ಕಾಗದಪತ್ರ ಮತ್ತು ಫೋನ್ ಕರೆ

ಸ್ಲಾಟ್ ಬುಕ್ ಮಾಡುವ ಮುಂಚೆ ಆಯೋಜಕರನ್ನು ಕೆಲವು ಪ್ರಶ್ನೆ ಕೇಳಿ. ಹೆಲ್ಮೆಟ್ ಯಾವ ದರ್ಜೆಯದು ಇರಬೇಕು? ಸೆಷನ್ ಎಷ್ಟು ನಿಮಿಷ? ಹೊಸಬರಿಗೆ ಬೇರೆ ಗುಂಪು ಇದೆಯಾ, ಪಕ್ಕದಲ್ಲಿ ಕೂತು ಹೇಳಿಕೊಡುವವರು ಇದ್ದಾರಾ? ಟ್ರ್ಯಾಕ್‌ನ ಬೇಲಿಗೆ ಹಾನಿಯಾದರೆ ಯಾರು ಕೊಡಬೇಕು? ಸಿಎನ್‌ಜಿ ಕಿಟ್ ಇರುವ ಕಾರು ಅಥವಾ ಎತ್ತರದ ಎಸ್‌ಯುವಿ ಇದ್ದರೆ ಅದನ್ನು ಒಳಗೆ ಬಿಡುತ್ತಾರಾ ಅಂತಲೂ ಕೇಳಿ. 700 ಕಿಲೋಮೀಟರ್ ಹೋದ ಮೇಲೆ ಗೇಟ್‌ನಲ್ಲಿ ‘ಇಲ್ಲ’ ಅನ್ನಿಸಿಕೊಳ್ಳುವುದು ಬೇಡ.

ಈಗ ಇನ್ಶೂರೆನ್ಸ್. ನಿಮ್ಮ ಪಾಲಿಸಿಯಲ್ಲಿ ಕಾರಿನ ಬಳಕೆಗೆ ಮಿತಿ ಹೇಳುವ ಭಾಗವನ್ನು ಹುಡುಕಿ ಓದಿ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿ ಸಂಘಟಿತ ರೇಸ್, ಪೇಸ್ ಮೇಕಿಂಗ್ (ಬೇರೆ ವಾಹನಗಳಿಗೆ ವೇಗ ಹಾಕಿಕೊಡುವುದು), ವೇಗ ಪರೀಕ್ಷೆ ಇಂಥವನ್ನು ಹೊರಗಿಡುತ್ತದೆ. ‘ಇದು ರೇಸ್ ಅಲ್ಲವಲ್ಲ’ ಎಂಬ ವಾದ ಕ್ಲೇಮ್ ಹೊತ್ತಿನಲ್ಲಿ ನಿಲ್ಲುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಟ್ರ್ಯಾಕ್ ಒಳಗೆ ಏನಾದರೂ ಆದರೆ ಖರ್ಚು ನಿಮ್ಮದೇ ಅಂದುಕೊಂಡು ಹೊರಡಿ. ಕಾರಿಗೆ ಇನ್ನೂ ಸಾಲದ ಕಂತು ಕಟ್ಟುತ್ತಿದ್ದರೆ ಈ ಪ್ಯಾರಾವನ್ನು ಇನ್ನೊಮ್ಮೆ ಓದಿ.

ತಾರೀಕು ಆರಿಸುವಾಗ ಮಳೆ ನೋಡಿ. ನಮ್ಮ ಮಳೆಗಾಲ ಮುಗಿಯಿತು ಅಂದ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚೆನ್ನೈ ಕಡೆ ಹಿಂಗಾರು ಸುರಿಯುತ್ತಿರುತ್ತದೆ. ಇಲ್ಲಿನ ಬಿಸಿಲು ನಂಬಿ ಬುಕ್ ಮಾಡಿದವರು ಅಲ್ಲಿ ನೀರಿನಲ್ಲಿ ಓಡಿಸಬೇಕಾಗುತ್ತದೆ.

ಹಂತ 2: ಐದು ವಾರ ಮೊದಲು – ತೊಳೆದು, ಎತ್ತಿ, ನೋಡಿ

ಮೊದಲು ಕಾರಿನ ಅಡಿಭಾಗ ತೊಳೆಸಿ. ಇದು ಚಂದಕ್ಕಲ್ಲ. ನವಲಗುಂದ, ಗದಗ ಕಡೆ ಒಂದು ಸಲ ಎರೆ ಮಣ್ಣಿನಲ್ಲಿ ಓಡಿಸಿದರೂ ವೀಲ್ ಒಳಮೈಗೆ ಮಣ್ಣು ಅಂಟಿ ಒಣಗಿ ಕೂತುಬಿಡುತ್ತದೆ. ಅದರಿಂದಲೇ ವೀಲ್ ಬ್ಯಾಲೆನ್ಸ್ ತಪ್ಪುತ್ತದೆ. ಎಷ್ಟೋ ಜನ ಸ್ಟೀರಿಂಗ್ ನಡುಗುತ್ತದೆ ಅಂತ ಸಸ್ಪೆನ್ಷನ್ ಬಿಚ್ಚಿಸುತ್ತಾರೆ, ಕಾರಣ ಮಾತ್ರ ಒಂದು ಹಿಡಿ ಮಣ್ಣು. ರೇಡಿಯೇಟರ್ ರೆಕ್ಕೆಗಳ ನಡುವಿನ ಧೂಳನ್ನು ಸಣ್ಣ ಒತ್ತಡದ ನೀರಿನಿಂದ ತೆಗೆಸಿ. ಜೋರಾಗಿ ಹೊಡೆದರೆ ರೆಕ್ಕೆ ಬಾಗುತ್ತವೆ.

ಆಮೇಲೆ ಗೋಕುಲ ರಸ್ತೆಯಲ್ಲೋ ನಿಮ್ಮೂರಲ್ಲೋ ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ಯಿರಿ. ಕಾರು ಮೇಲಿದ್ದಾಗ ನೀವೂ ಕೆಳಗೆ ನಿಂತು ನೋಡಿ: ಎಲ್ಲಾದರೂ ಎಣ್ಣೆ ಜಿನುಗಿದೆಯಾ, ಆಕ್ಸಲ್‌ನ ರಬ್ಬರ್ ಬೂಟ್ ಹರಿದಿದೆಯಾ, ಬ್ರೇಕ್ ಹೋಸ್ ಬಿರುಕು ಬಿಟ್ಟಿದೆಯಾ, ಶಾಕ್ ಅಬ್ಸಾರ್ಬರ್ ಒದ್ದೆ ಇದೆಯಾ. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ, ನಂತರ ಎಡ-ಬಲ ಹಿಡಿದು ಅಲುಗಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಟೈ ರಾಡ್‌ನಲ್ಲಿ ಸಡಿಲ ಇದೆ. ಅದನ್ನು ಸರಿಮಾಡಿಸದೆ ಮುಂದಿನ ಹಂತಕ್ಕೆ ಹೋಗಬೇಡಿ. ಬ್ಯಾಟರಿ ಕ್ಲ್ಯಾಂಪ್ ಬಿಗಿ ಇದೆಯಾ ಅಂತ ಕೈಯಿಂದಲೇ ಎಳೆದು ನೋಡಿ.

ಹಂತ 3: ನಾಲ್ಕು ವಾರ ಮೊದಲು – ಬ್ರೇಕ್

ಹೆಚ್ಚು ಹೊತ್ತು, ಹೆಚ್ಚು ದುಡ್ಡು ಇಲ್ಲಿ ಹಾಕಿ.

ಲೆಕ್ಕ ಸರಳ. ವೇಗ ಎರಡು ಪಟ್ಟಾದರೆ ಕಾರಿನಲ್ಲಿರುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಿಲ್ಲಿಸುವಾಗ ಅದಷ್ಟೂ ಶಾಖವಾಗಿ ಬ್ರೇಕಿಗೇ ಹೋಗುತ್ತದೆ. ಊರೊಳಗೆ ಒಮ್ಮೆ ಬ್ರೇಕ್ ಒತ್ತಿದ ಮೇಲೆ ಆರಲು ಬೇಕಾದಷ್ಟು ಸಮಯ ಇರುತ್ತದೆ. ಟ್ರ್ಯಾಕ್‌ನಲ್ಲಿ ಕೆಲವೇ ಸೆಕೆಂಡಿಗೆ ಮುಂದಿನ ತಿರುವು ಬರುತ್ತದೆ. ಕರಿ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಉದ್ದದ ಚಿಕ್ಕ ಟ್ರ್ಯಾಕ್. ಚಿಕ್ಕದು ಅಂದರೆ ಕಾರಿಗೆ ಹಗುರ ಅಂದುಕೊಳ್ಳಬೇಡಿ, ಅಲ್ಲಿ ಬ್ರೇಕಿಗೆ ಬಿಡುವು ಕಮ್ಮಿ.

*ಬ್ರೇಕ್ ಆಯಿಲ್.* ಗ್ಯಾರೇಜಿನಲ್ಲಿ ಟಾಪ್‌ಅಪ್ ಮಾಡಿ ಕಳಿಸುತ್ತಾರೆ. ಅದು ಸಾಲದು, ಪೂರ್ತಿ ಬದಲಿಸಬೇಕು. ಈ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ ಅಂದರೆ ಈ ಎಣ್ಣೆಯ ದರ್ಜೆ. ಹೊಸ ಡಾಟ್ 3 ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230, ಡಾಟ್ 5.1 ಆದರೆ 260. ನೀರು ಸೇರಿದ ಮೇಲೆ ಇದೇ ಮಿತಿ 140, 155, 180ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಹುಟ್ಟುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ನಿಮ್ಮ ಕಾರಿಗೆ ಡಾಟ್ 3 ಅಥವಾ ಡಾಟ್ 4 ಹೇಳಿದ್ದರೆ ಒಳ್ಳೆಯ ಕಂಪನಿಯ ಹೊಸ ಡಾಟ್ 4 ಹಾಕಿಸಿ. 5.1 ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಬರಿಯ ಡಾಟ್ 5 ಅಂತ ಬರೆದ ಡಬ್ಬಿ ಮುಟ್ಟಬೇಡಿ. ಅದು ಸಿಲಿಕೋನ್ ಎಣ್ಣೆ, ಉಳಿದವುಗಳ ಜೊತೆ ಬೆರೆಯುವುದಿಲ್ಲ. ಸೀಲ್ ಒಡೆಯದ ಒಂದು ಲೀಟರ್ ಇದ್ದರೆ ಸಾಮಾನ್ಯ ಕಾರಿಗೆ ಸಾಕು. ಅರ್ಧ ಖಾಲಿಯಾದ ಹಳೆ ಡಬ್ಬಿಯಿಂದ ಸುರಿಯಲು ಬಿಡಬೇಡಿ.

ಎಣ್ಣೆ ಬದಲಿಸಿ ಪೈಪಿನೊಳಗಿನ ಗಾಳಿ, ಅಂದರೆ ಏರ್, ತೆಗೆಯುವಾಗ ಪಕ್ಕದಲ್ಲೇ ಇರಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ (ಎಣ್ಣೆ ಹೊರಬಿಡುವ ಪುಟ್ಟ ತಿರುಪು) ಬಿಚ್ಚಿ ಎಣ್ಣೆ ಬಿಡಬೇಕು. ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಕಂದು ಬಣ್ಣ ಹೋಗಿ ತಿಳಿ ಎಣ್ಣೆ, ಗುಳ್ಳೆಯಿಲ್ಲದೆ ಬರುವವರೆಗೂ ನಾಲ್ಕೂ ಚಕ್ರಕ್ಕೆ ಇದನ್ನೇ ಮಾಡಬೇಕು. ಯಾವ ಚಕ್ರ ಮೊದಲು ಅನ್ನುವುದು ಕಾರಿನಿಂದ ಕಾರಿಗೆ ಬೇರೆ, ಮ್ಯಾನುಯಲ್ ನೋಡಿ. ನಡುವೆ ಮೇಲಿನ ಡಬ್ಬಿ ಖಾಲಿಯಾದರೆ ಗಾಳಿ ಒಳಗೆ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಪೇಂಟ್ ಮೇಲೆ ಎಣ್ಣೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಬಣ್ಣ ಏಳುತ್ತದೆ.

*ಪ್ಯಾಡ್.* ಚಕ್ರದ ಡಿಸ್ಕನ್ನು ಒತ್ತಿ ಹಿಡಿದು ಕಾರು ನಿಲ್ಲಿಸುವ ಪಟ್ಟಿಗಳಿವು. ಇಲ್ಲೇ ಜನ ಮೋಸ ಹೋಗುವುದು. ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿ, ‘ಇನ್ನೂ ಭಾಳ ದಿನ ಬರ್ತಾವ್ರೀ ಸರ, ಸುಮ್ನ ಯಾಕ ಖರ್ಚು ಮಾಡ್ತೀರಿ’ ಅನ್ನುತ್ತಾರೆ. ಅವರು ಹೇಳುವುದು ಊರಿನ ಓಡಾಟಕ್ಕೆ ನಿಜ. ಆದರೆ ಪ್ಯಾಡ್ ಸವೆದಷ್ಟೂ ಡಿಸ್ಕಿನ ಶಾಖ ಬೇಗ ಎಣ್ಣೆಗೆ ದಾಟುತ್ತದೆ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಬದಲಿಸಿ. ಹಳೆಯವು ಇನ್ನೂ ಚೆನ್ನಾಗಿದ್ದರೆ ಎಸೆಯಬೇಡಿ. ಡಿಕ್ಕಿಯಲ್ಲಿಟ್ಟುಕೊಳ್ಳಿ, ವಾಪಸ್ ಬರಲು ಆಗುತ್ತವೆ. ಮೊದಲ ಸಲಕ್ಕೆ ಕಂಪನಿಯ ಹೊಸ ಪ್ಯಾಡ್ ಸಾಕು. ಪಕ್ಕಾ ರೇಸ್ ಪ್ಯಾಡ್ ಬಿಸಿಯಾಗದೆ ಸರಿಯಾಗಿ ಹಿಡಿಯುವುದಿಲ್ಲ, ಅದನ್ನು ಹಾಕಿಕೊಂಡು ಹೆದ್ದಾರಿಯಲ್ಲಿ ಅಷ್ಟು ದೂರ ಹೋಗುವುದು ಅಪಾಯ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೆತ್ತಿರುತ್ತದೆ. ಅಳೆಸಿ ನೋಡಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಅದನ್ನೂ ಬಿಚ್ಚಿಸಿ ಧೂಳು ತೆಗೆಸಿ.

*ಹೊಸ ಪ್ಯಾಡ್ ಕೂರಿಸುವುದು.* ಹಾಕಿದ ಕೂಡಲೇ ಪೂರ್ತಿ ಹಿಡಿತ ಬರುವುದಿಲ್ಲ. ಹಿಂದೆ-ಮುಂದೆ ಯಾರೂ ಇಲ್ಲದ ರಸ್ತೆಯಲ್ಲಿ 60ರ ವೇಗದಿಂದ ಸುಮಾರು 15ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗಕ್ಕೆ ಬನ್ನಿ. ಹೀಗೆ ಎಂಟು-ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ ಆರಲು ಬಿಡಿ. ಪ್ಯಾಡ್ ಡಬ್ಬಿಯಲ್ಲಿ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಪಾಲಿಸಿ.

ಹಂತ 4: ಮೂರು ವಾರ ಮೊದಲು – ಟೈರ್

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2323 ಅಂದರೆ 2023ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಗೀರು ಎಷ್ಟೇ ಆಳ ಇರಲಿ, ರಬ್ಬರ್ ಗಟ್ಟಿಯಾಗಿರುತ್ತದೆ, ಬಿಡಿ. ಬದಿಯಲ್ಲಿ ಉಬ್ಬು ಅಥವಾ ಸೀಳು ಇದ್ದರೆ ವಯಸ್ಸು ನೋಡುವ ಪ್ರಶ್ನೆಯೇ ಇಲ್ಲ. ನಮ್ಮ ರಸ್ತೆಯ ಗುಂಡಿಗಳ ಕೃಪೆಯಿಂದ ಒಳಬದಿಯಲ್ಲಿ ಉಬ್ಬು ಬಂದಿರುವುದು ಜಾಸ್ತಿ, ಅದು ಹೊರಗಿನಿಂದ ಕಾಣುವುದಿಲ್ಲ. ಲಿಫ್ಟ್ ಮೇಲಿದ್ದಾಗ ಕೈಯಾಡಿಸಿ ನೋಡಿ. ಬದಿಗೆ ಪಂಕ್ಚರ್ ಹಾಕಿಸಿದ ಟೈರನ್ನು ಟ್ರ್ಯಾಕ್‌ಗೆ ಒಯ್ಯಲೇಬೇಡಿ.

ಇದಾದ ಮೇಲೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್. ಹಂತ 2ರ ಸಡಿಲಗಳನ್ನು ಸರಿಮಾಡಿಸುವ ಮುಂಚೆ ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ, ಮತ್ತೆ ಮಾಡಿಸಬೇಕು.

ಸ್ವಂತ ಪ್ರೆಷರ್ ಗೇಜ್ ಒಂದನ್ನು ಕೊಳ್ಳಿ. ಒಂದು ಪೆಟ್ರೋಲ್ ಬಂಕಿನ ಮೀಟರಿಗೂ ಇನ್ನೊಂದರದಕ್ಕೂ ತಾಳೆಯಾಗುವುದಿಲ್ಲ. ಗೇಜ್ ಸ್ವಲ್ಪ ತಪ್ಪು ತೋರಿಸಿದರೂ ಪರವಾಗಿಲ್ಲ, ಎಲ್ಲ ಕಡೆ ಅದೇ ಗೇಜ್ ಬಳಸಿ.

ಹಂತ 5: ಎರಡು ವಾರ ಮೊದಲು – ಇಂಜಿನ್

ಹೊಸ ಇಂಜಿನ್ ಆಯಿಲ್, ಹೊಸ ಫಿಲ್ಟರ್. ಕಂಪನಿ ಹೇಳಿದ ಗ್ರೇಡ್ ಸಾಕು. ಮಟ್ಟ ಮಾತ್ರ ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೆ ಸರಿಯಾಗಿ ಇರಲಿ. ದೀರ್ಘ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿಯುತ್ತದೆ. ಮಟ್ಟ ಕಡಿಮೆ ಇದ್ದರೆ ಪಂಪಿಗೆ ಎಣ್ಣೆ ಬದಲು ಗಾಳಿ ಸಿಗುತ್ತದೆ. ಹಾಗಂತ ಗೆರೆ ದಾಟಿಯೂ ಹಾಕಬೇಡಿ.

ಏರ್ ಫಿಲ್ಟರ್ ಬದಲಿಸಿ. ಕೂಲಂಟ್ ಮಟ್ಟ, ಹೋಸ್‌ಗಳು, ಫ್ಯಾನ್ ಓಡುತ್ತದೆಯಾ ಅಂತ ನೋಡಿ. ಕೂಲಂಟ್ ಜಾಗಕ್ಕೆ ಬರಿ ನಲ್ಲಿ ನೀರು ಹಾಕಿಕೊಂಡು ಬಂದಿದ್ದರೆ ಈಗಲಾದರೂ ಸರಿಮಾಡಿಸಿ. ಇಂಜಿನ್ ವಿಷಯ ಇಷ್ಟೇ.

ಹಂತ 6: ಹತ್ತು ದಿನ ಮೊದಲು – ಓಡಿಸಿ ನೋಡಿ

ಹೊರಡುವ ಹಿಂದಿನ ದಿನ ಸರ್ವಿಸ್ ಮಾಡಿಸುವುದು ನಾನು ಕಂಡ ತಪ್ಪುಗಳಲ್ಲೆಲ್ಲ ದೊಡ್ಡದು. ಸಡಿಲ ಬಿಟ್ಟ ನಟ್ಟು, ಸರಿಯಾಗಿ ಕೂರದ ಫಿಲ್ಟರ್, ಜಿನುಗುವ ನಿಪ್ಪಲ್ ಇವೆಲ್ಲ ಓಡಿಸಿದ ಮೇಲೆಯೇ ಗೊತ್ತಾಗುವುದು. ಅದು ಸೇಲಂ ದಾಟಿದ ಮೇಲೆ ಗೊತ್ತಾಗುವುದಕ್ಕಿಂತ ಶಿಗ್ಗಾವಿಯಲ್ಲಿ ಗೊತ್ತಾದರೆ ವಾಸಿ ಅಲ್ವಾ?

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗಿ ಬಂದರೆ ಸುಮಾರು 150 ಕಿ.ಮೀ. ಸಾಧಾರಣ ವೇಗದಲ್ಲಿ ಹೋಗಿ ಬನ್ನಿ. ಬಂದ ಮೇಲೆ ಎಣ್ಣೆ, ಕೂಲಂಟ್, ಬ್ರೇಕ್ ಆಯಿಲ್ ಮಟ್ಟ ನೋಡಿ. ಕಾರಿನ ಕೆಳಗೆ ರಟ್ಟು ಹಾಸಿ ರಾತ್ರಿ ಬಿಟ್ಟು, ಬೆಳಿಗ್ಗೆ ಕಲೆ ಇದೆಯಾ ನೋಡಿ. ವೀಲ್ ನಟ್ ಮತ್ತೊಮ್ಮೆ ಬಿಗಿ ಮಾಡಿ.

ಇದೇ ನೆಪದಲ್ಲಿ ಬೈಪಾಸ್‌ನಲ್ಲಿ ವೇಗದ ಅಭ್ಯಾಸ ಬೇಡ. ರಸ್ತೆಯಲ್ಲಿ ರೇಸ್ ಮತ್ತು ವೇಗದ ಪರೀಕ್ಷೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯ, ಅಲ್ಲಿ ಎದುರಿನಿಂದ ಟ್ರ್ಯಾಕ್ಟರ್ ಬರುತ್ತದೆ. ಅಭ್ಯಾಸ ಮಾಡಲೇಬೇಕು ಅಂದರೆ ಕೂರುವ ಭಂಗಿ ಅಭ್ಯಾಸ ಮಾಡಿ. ಬೆನ್ನು, ಭುಜ ಸೀಟಿಗೆ ಅಂಟಿರುವಾಗ ಚಾಚಿದ ಕೈಯ ಮಣಿಕಟ್ಟು ಸ್ಟೀರಿಂಗ್‌ನ ತುದಿಗೆ ತಾಗಬೇಕು. ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು.

ಹಂತ 7: ಸಾಮಾನು

- ಟಾರ್ಕ್ ರೆಂಚ್ (ನಟ್ಟನ್ನು ಹೇಳಿದಷ್ಟೇ ಬಿಗಿ ಮಾಡುವ ಪಾನಾ), ಸರಿಯಾದ ಸಾಕೆಟ್, ಜ್ಯಾಕ್
- ಪ್ರೆಷರ್ ಗೇಜ್, 12 ವೋಲ್ಟ್‌ನ ಗಾಳಿ ಪಂಪ್
- ಒಂದು ಲೀಟರ್ ಇಂಜಿನ್ ಆಯಿಲ್, ಸೀಲ್ ಒಡೆಯದ ಬ್ರೇಕ್ ಆಯಿಲ್, ನಿಪ್ಪಲ್‌ಗೆ ಹೊಂದುವ ಪಾನಾ ಮತ್ತು ಪೈಪು
- ಕೂಲಂಟ್, ಹಳೆ ಬಟ್ಟೆ, ಟಾರ್ಚ್, ಅಗಲ ಟೇಪ್, ಸೀಮೆಸುಣ್ಣ
- ಟೋ ಹುಕ್. ಸ್ಟೆಪ್ನಿ ಹತ್ತಿರ ಇರುತ್ತದೆ, ಇದೆಯಾ ಅಂತ ಈಗಲೇ ನೋಡಿ
- ಹೆಲ್ಮೆಟ್, ತುಂಬು ತೋಳಿನ ಹತ್ತಿ ಅಂಗಿ, ಉದ್ದ ಪ್ಯಾಂಟ್, ತೆಳು ಅಟ್ಟೆಯ ಶೂ
- ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ
- ನೀರು, ಓಆರ್‌ಎಸ್, ಒಂದು ದೊಡ್ಡ ಪ್ಲಾಸ್ಟಿಕ್ ಬುಟ್ಟಿ, ತಾಡಪಾಲು

ಬುಟ್ಟಿ ಯಾಕೆ ಅಂದರೆ, ಟ್ರ್ಯಾಕ್‌ಗೆ ಇಳಿಯುವ ಮುಂಚೆ ಕಾರಿನೊಳಗಿನ ಎಲ್ಲ ಬಿಡಿ ಸಾಮಾನು ಹೊರಗೆ ಬರಬೇಕು. ಸ್ಟೆಪ್ನಿ, ಜ್ಯಾಕ್, ನೀರಿನ ಬಾಟಲಿ, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ, ಡ್ರೈವರ್ ಕಡೆಯ ಮ್ಯಾಟ್, ಎಲ್ಲವೂ. ಪೆಡಲ್ ಕೆಳಗೆ ಉರುಳಿ ಬಂದ ಒಂದು ಬಾಟಲಿ ಸಾಕು, ಬ್ರೇಕ್ ಒತ್ತಲಾಗುವುದಿಲ್ಲ.

ಹಂತ 8: ಪ್ರಯಾಣ

ಒಂದು ದಿನ ಮುಂಚೆ ತಲುಪುವ ಲೆಕ್ಕ ಹಾಕಿ, ಮಧ್ಯೆ ಸಾಧ್ಯವಾದರೆ ತುಮಕೂರು-ಬೆಂಗಳೂರು ಕಡೆ ತಂಗಿ. ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ನೇರ ಟ್ರ್ಯಾಕ್‌ಗೆ ಇಳಿಯುವ ವೀರರು ಇದ್ದಾರೆ. ಅವರು ಮಧ್ಯಾಹ್ನದ ಸೆಷನ್‌ನಲ್ಲಿ ತಿರುವು ತಪ್ಪುತ್ತಾರೆ.

ಟ್ರ್ಯಾಕ್ ಹತ್ತಿರದ ಬಂಕಿನಲ್ಲಿ ಪೆಟ್ರೋಲ್ ತುಂಬಿಸಿ. ಹೆದ್ದಾರಿಯಲ್ಲಿ ಕೊಡುವ ಮೈಲೇಜಿನ ಅರ್ಧವೂ ಅಲ್ಲಿ ಸಿಗುವುದಿಲ್ಲ. ಟ್ಯಾಂಕ್ ತೀರಾ ಕಡಿಮೆ ಇದ್ದರೆ ತಿರುವಿನಲ್ಲಿ ಇಂಜಿನ್ ಮುಗ್ಗರಿಸಬಹುದು. ಬೆಳಿಗ್ಗೆ ಇಡ್ಲಿಯಂಥ ಹಗುರ ತಿಂಡಿ ಸಾಕು. ಗಿರ್ಮಿಟ್-ಮಿರ್ಚಿ ಊರಿಗೆ ಬಂದ ಮೇಲೆ ತಿನ್ನೋಣ.

ಹಂತ 9: ಮೊದಲ ಸೆಷನ್

ಬ್ರೀಫಿಂಗ್ ತಪ್ಪಿಸಬೇಡಿ. ಬಾವುಟಗಳ ಅರ್ಥ ಬಾಯಿಪಾಠ ಇರಲಿ. ಹಳದಿ ಅಂದರೆ ಮುಂದೆ ಅಪಾಯ, ವೇಗ ಇಳಿಸಿ, ಯಾರನ್ನೂ ದಾಟಬೇಡಿ. ಕೆಂಪು ಅಂದರೆ ಸೆಷನ್ ನಿಂತಿದೆ, ನಿಧಾನವಾಗಿ ಪಿಟ್‌ಗೆ ಬನ್ನಿ. ನೀಲಿ ಅಂದರೆ ಹಿಂದೆ ವೇಗದ ಕಾರು ಇದೆ, ದಾರಿ ಬಿಡಿ. ಕಪ್ಪು ನಿಮಗೆ ತೋರಿಸಿದರೆ ನೀವು ಒಳಗೆ ಬರಬೇಕು. ಹಳದಿ-ಕೆಂಪು ಪಟ್ಟೆ ಕಂಡರೆ ನಾಡಧ್ವಜ ಅಂತ ಖುಷಿಪಡಬೇಡಿ, ಮುಂದೆ ಟ್ರ್ಯಾಕ್ ಜಾರುತ್ತಿದೆ ಅಂತ ಅರ್ಥ.

ಟೈರ್ ತಣ್ಣಗಿರುವಾಗ ಕಂಪನಿ ಹೇಳಿದ ಪ್ರೆಷರ್‌ನಲ್ಲೇ ಶುರು ಮಾಡಿ. ಎಲೆಕ್ಟ್ರಾನಿಕ್ ಸ್ಟೆಬಿಲಿಟಿ (ಕಾರು ಜಾರದಂತೆ ತಾನೇ ತಡೆಯುವ ವ್ಯವಸ್ಥೆ) ಇದ್ದರೆ ಆನ್ ಇರಲಿ. ಪಕ್ಕದವರು ಆಫ್ ಮಾಡು ಅಂತಾರೆ, ಅವರ ಕಾರಲ್ಲವಲ್ಲ.

ಮೊದಲ ಎರಡು ಸುತ್ತು ನಿಧಾನ. ಟೈರ್, ಬ್ರೇಕ್ ಬಿಸಿಯಾಗಲಿ, ಬಾವುಟ ತೋರಿಸುವ ಮಾರ್ಷಲ್‌ಗಳು ಎಲ್ಲೆಲ್ಲಿ ನಿಂತಿದ್ದಾರೆ ನೋಡಿಕೊಳ್ಳಿ. ಬ್ರೇಕನ್ನು ಕಾರು ನೇರ ಇರುವಾಗಲೇ ಮುಗಿಸಿ, ಆಮೇಲೆ ತಿರುಗಿಸಿ. ಹೊಸಬರು ತಿರುವಿನ ನಡುವೆ ಹೆದರಿ ಒಮ್ಮೆಲೇ ಆಕ್ಸಿಲರೇಟರ್ ಬಿಡುತ್ತಾರೆ. ಭಾರವೆಲ್ಲ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಹಿಡಿತ ಬಿಡುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ವೇಗ ಜಾಸ್ತಿಯಾಯಿತು ಅನ್ನಿಸಿದರೆ ಅದನ್ನು ತಿರುವಿಗೆ ಮುಂಚೆಯೇ ಕಡಿಮೆ ಮಾಡಿ. ಒಂದು ವೇಳೆ ಟ್ರ್ಯಾಕ್ ಬಿಟ್ಟು ಹೊರಗೆ ಹೋಗುತ್ತಿದ್ದರೆ ಸ್ಟೀರಿಂಗ್ ಎಳೆದು ಒಳಗೆ ತರಲು ಒದ್ದಾಡಬೇಡಿ. ನೇರ ಹೋಗಲಿ, ಮಣ್ಣಿನಲ್ಲಿ ವೇಗ ಇಳಿಯಲಿ.

ಮೂರು-ನಾಲ್ಕು ಜೋರು ಸುತ್ತು ಸಾಕು. ಕೊನೆಯ ಒಂದು ಸುತ್ತನ್ನು ಆದಷ್ಟು ಬ್ರೇಕ್ ಮುಟ್ಟದೆ ನಿಧಾನವಾಗಿ ಮುಗಿಸಿ. ಲ್ಯಾಪ್ ಟೈಮ್ ನೋಡುವ ಆಪ್ ಇವತ್ತು ಬೇಡ.

ಹಂತ 10: ಸೆಷನ್‌ಗಳ ನಡುವೆ

ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕುದಿಯುವ ಡ್ರಮ್ ಅಥವಾ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡು ನಿಂತರೆ ಹಾಳಾಗುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಟರ್ಬೊ ಇದ್ದರೆ ಒಂದೆರಡು ನಿಮಿಷ ಐಡಲ್ ಓಡಲಿ. ಬಾನೆಟ್ ಎತ್ತಿ, ಆದರೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಕೂಡಲೇ ಟೈರ್ ಪ್ರೆಷರ್ ನೋಡಿ. ಐದಾರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಏರಿರುವುದು ಸಹಜ. ಅದಕ್ಕಿಂತ ಜಾಸ್ತಿ ಏರಿದ್ದು, ಕಾರು ಜಾರಿದಂತೆ ಅನ್ನಿಸಿದ್ದರೆ ಒಂದೆರಡು ಪಿಎಸ್‌ಐ ಇಳಿಸಿ. ಸೆಷನ್‌ಗೆ ಮುಂಚೆ ಟೈರಿನ ಭುಜದ (ಮೇಲ್ಮೈ ಬದಿಗೆ ಸೇರುವ ಅಂಚು) ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಿಡಿ. ಗೆರೆ ಬದಿಯ ಗೋಡೆಯವರೆಗೂ ಅಳಿಸಿದ್ದರೆ ಟೈರ್ ಮಗುಚುತ್ತಿದೆ, ಗಾಳಿ ಕಡಿಮೆಯಾಗಿದೆ. ಚಕ್ರ ಆರಿದ ಮೇಲೆ ನಟ್‌ಗಳನ್ನು ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ.

ಈ ಲಕ್ಷಣ ಕಂಡರೆ ಮತ್ತೆ ಇಳಿಯಬೇಡಿ:

- ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದೆ: ಎಣ್ಣೆ ಕುದಿದಿದೆ. ಆರಿದ ಮೇಲೆ ಪೆಡಲ್ ಸರಿಹೋದಂತೆ ಕಂಡರೂ ನಂಬಬೇಡಿ. ಏರ್ ತೆಗೆದು ಹೊಸ ಎಣ್ಣೆ ಹಾಕಿ.
- ಪೆಡಲ್ ಗಟ್ಟಿ ಇದೆ, ಕಾರು ಮಾತ್ರ ನಿಲ್ಲುತ್ತಿಲ್ಲ: ಪ್ಯಾಡ್ ಮಿತಿಮೀರಿ ಕಾದಿದೆ. ಪೂರ್ತಿ ಆರಲಿ, ದಪ್ಪ ಅಳೆಯಿರಿ.
- ಟೆಂಪರೇಚರ್ ಮುಳ್ಳು ಏರಿದೆ: ನಿಧಾನಿಸಿ, ಹೀಟರ್ ಪೂರ್ತಿ ತಿರುಗಿಸಿ, ಒಳಗೆ ಬನ್ನಿ.
- ಆಯಿಲ್ ದೀಪ ಒಂದು ಕ್ಷಣ ಹೊತ್ತಿದರೂ: ಬದಿಗೆ ತಂದು ಇಂಜಿನ್ ಆಫ್ ಮಾಡಿ.
- ಹೊಸದಾಗಿ ಶುರುವಾದ ನಡುಕ: ಮೊದಲು ವೀಲ್ ನಟ್ ನೋಡಿ, ಆಮೇಲೆ ಟೈರ್.
- ನೀವು ತಿರುವು ಮರೆಯುತ್ತಿದ್ದೀರಿ, ಬಾಯಿ ಒಣಗಿದೆ: ಆ ದಿನಕ್ಕೆ ಸಾಕು.

ಕೊನೆಯ ಸೆಷನ್ ಬಿಟ್ಟುಬಿಡಿ ಅನ್ನುವುದು ನನ್ನ ಸಲಹೆ. ದುಡ್ಡು ಕೊಟ್ಟಿದ್ದೇವೆ ಅಂತ ಎಲ್ಲರೂ ಇಳಿಯುತ್ತಾರೆ. ಟೈರ್, ಬ್ರೇಕ್, ಮೈ ಮೂರೂ ದಣಿದಿರುವ ಹೊತ್ತು ಅದು.

ಹಂತ 11: ವಾಪಸ್ ಹೊರಡುವ ಮುಂಚೆ ಮತ್ತು ಮನೆಗೆ ಬಂದ ಮೇಲೆ

ಬಿಸಿಯಲ್ಲಿ ಗಾಳಿ ಇಳಿಸಿದ್ದೀರಿ, ನೆನಪಿದೆಯಾ? ಟೈರ್ ಆರಿದ ಮೇಲೆ ಪ್ರೆಷರ್ ತೀರಾ ಕಡಿಮೆ ಇರುತ್ತದೆ. ಹಾಗೆಯೇ ಹೆದ್ದಾರಿಗೆ ಹೋದರೆ ಟೈರ್ ಸಿಡಿಯುವ ಅಪಾಯ. ಮಾರನೆಯ ಬೆಳಿಗ್ಗೆ ತಣ್ಣಗಿರುವಾಗ ಕಂಪನಿ ಹೇಳಿದಷ್ಟಕ್ಕೆ ತುಂಬಿಸಿ. ಎಣ್ಣೆ, ಕೂಲಂಟ್ ಮಟ್ಟ ನೋಡಿ. ಪ್ಯಾಡ್ ತೀರಾ ತೆಳುವಾಗಿದ್ದರೆ ಡಿಕ್ಕಿಯಲ್ಲಿರುವ ಹಳೆಯವನ್ನು ಹಾಕಿಸಿಕೊಂಡು ಹೊರಡಿ. ಸ್ಟೆಪ್ನಿ ಮತ್ತು ಜ್ಯಾಕ್ ವಾಪಸ್ ಡಿಕ್ಕಿಗೆ ಬಂದವಾ ನೋಡಿ, ಪಿಟ್‌ನಲ್ಲೇ ಮರೆತು ಬಂದವರಿದ್ದಾರೆ. ಅದೇ ಸಂಜೆ ಹೊರಡುವ ಆಸೆ ಬೇಡ. ಟ್ರ್ಯಾಕ್‌ನಿಂದ ಬಂದ ತಲೆಗೆ 100ರ ವೇಗ ತೀರಾ ನಿಧಾನ ಅನ್ನಿಸುತ್ತದೆ.

ಊರಿಗೆ ಬಂದ ವಾರದಲ್ಲಿ ಕಾರನ್ನು ಮತ್ತೆ ಲಿಫ್ಟ್ ಮೇಲೆ ಹಾಕಿಸಿ. ಬ್ರೇಕ್ ಆಯಿಲ್ ಬಣ್ಣ, ಡಿಸ್ಕಿನಲ್ಲಿ ಬಿರುಕು, ಟೈರ್ ಭುಜದ ಸವೆತ, ಆಕ್ಸಲ್ ಬೂಟ್ ಇವಿಷ್ಟು ನೋಡಿಸಿ. ಯಾವ ಪ್ರೆಷರ್‌ಗೆ ಕಾರು ಹೇಗೆ ಓಡಿತು, ಎಷ್ಟು ಪೆಟ್ರೋಲ್ ಕುಡಿಯಿತು, ಪ್ಯಾಡ್ ಎಷ್ಟು ಮಿ.ಮೀ. ಸವೆಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಪ್ಯಾಡ್ ಬದಲಿಸಬೇಕೋ ಬೇಡವೋ ಅನ್ನುವುದನ್ನು ಆ ಪುಟ ನೋಡಿ ಹೇಳಬಹುದು.